ಮುಕ್ಕಾದ ಪಿಜ್ಜಾ ಮುಕ್ಕತೊಡಗಿದ ಕಥೆ

ಕನ್ನಡದ ‘ಮುಕ್ಕು’ ಎಂಬ ಪದಕ್ಕೆ ಎರಡು ಮುಖ. ಅಂಚು ಒಡೆದ ಲೋಟವನ್ನು ಮುಕ್ಕಾಗಿದೆ ಎನ್ನುತ್ತೇವೆ. ಮೂಗು ಹೋದ ವಿಗ್ರಹ ಮುಕ್ಕಾದ ವಿಗ್ರಹ, ಪೂಜೆಗೆ ಬಾರದು. ಅದೇ ಪದ ಕ್ರಿಯಾಪದವಾದಾಗ ಹಸಿದವನು ಬಾಯಿತುಂಬ ತುಂಬಿಕೊಂಡು ತಿನ್ನುವ ಚಿತ್ರ ಕಣ್ಣಮುಂದೆ ಬರುತ್ತದೆ: ಅವಲಕ್ಕಿ ಮುಕ್ಕಿದ, ಹುರಿಹಿಟ್ಟು ಮುಕ್ಕಿದ. ಈ ಎರಡೂ ಅರ್ಥಗಳು ಒಂದೇ ದೇಹದಲ್ಲಿ ಕೂಡಿಬಂದಿರುವ ಒಂದು ಪಾತ್ರ ನನಗೆ ಗೊತ್ತು. ಹಳದಿ ಬಣ್ಣ, ಕೈಕಾಲಿಲ್ಲ, ಕಣ್ಣಿಲ್ಲ. ಒಂದು ಹೋಳು ಕಳೆದುಕೊಂಡು ಮುಕ್ಕಾಗಿರುವುದರಿಂದಲೇ ಅವನಿಗೆ ಮುಕ್ಕಲು ಬಾಯಿ ಬಂದಿದೆ. ಅವನೇ ಪ್ಯಾಕ್‌ಮ್ಯಾನ್.

ಪ್ಯಾಕ್‌ಮ್ಯಾನ್ ಹುಟ್ಟಿನ ಕಥೆಯನ್ನು ವಿಡಿಯೊ ಗೇಮ್ ಆಡಿದವರೆಲ್ಲ ಒಮ್ಮೆಯಾದರೂ ಕೇಳಿರುತ್ತಾರೆ. ಟೋಕಿಯೊದ ತರುಣ ವಿನ್ಯಾಸಕ ತೋರು ಇವಾತಾನಿ ಮಧ್ಯಾಹ್ನದ ಊಟಕ್ಕೆ ಪಿಜ್ಜಾ ತರಿಸಿದರು, ಒಂದು ಹೋಳು ತೆಗೆದುಕೊಂಡರು, ಉಳಿದದ್ದನ್ನು ನೋಡಿದರು, ಅಲ್ಲಿ ಬಾಯಿ ತೆರೆದ ಮುಖವೊಂದು ಕಂಡಿತು. ಕಥೆ ಇಷ್ಟೇ. ಸೇಬು ಬಿದ್ದದ್ದನ್ನು ಕಂಡು ಗುರುತ್ವಾಕರ್ಷಣೆ ಹೊಳೆಯಿತು ಎನ್ನುವ ಕಥೆಯ ಹಾಗೆಯೇ ಇದೂ ಚಿಕ್ಕದು, ಚೊಕ್ಕದು, ಮಕ್ಕಳಿಗೆ ಹೇಳಲು ಸಲೀಸು. ಆದರೆ 1986ರಲ್ಲಿ ಪ್ರಕಟವಾದ ಸಂದರ್ಶನವೊಂದರಲ್ಲಿ ಇವಾತಾನಿಯವರನ್ನೇ ಈ ಬಗ್ಗೆ ಕೇಳಿದಾಗ ಅವರು ಕೊಟ್ಟ ಉತ್ತರ: ಅದು ಅರ್ಧ ನಿಜ.

ಉಳಿದ ಅರ್ಧವೇ ಹೆಚ್ಚು ರುಚಿಯಾಗಿದೆ.

ಇವಾತಾನಿ ಹುಟ್ಟಿದ್ದು 1955ರಲ್ಲಿ. ಅವರು ಮುಂದೆ ಕೆಲಸಕ್ಕೆ ಸೇರಿದ ನಾಮ್ಕೊ ಕಂಪನಿಯ ಬೇರು ಕೂಡ ಅದೇ ವರ್ಷದ್ದು. ಮಸಾಯಾ ನಕಾಮುರಾ ಎಂಬುವರು ಯೊಕೊಹಾಮಾದ ಮಳಿಗೆಯೊಂದರ ಮಹಡಿಯ ಮೇಲೆ ಮಕ್ಕಳು ಹತ್ತಿ ಕೂರುವ ಎರಡು ಯಂತ್ರದ ಕುದುರೆಗಳನ್ನು ಇಟ್ಟು ಶುರು ಮಾಡಿದ ವ್ಯಾಪಾರ ಅದು. 1977ರಲ್ಲಿ ಇವಾತಾನಿ ಅಲ್ಲಿಗೆ ಸೇರಿದಾಗ ಅವರ ಆಸೆ ಇದ್ದದ್ದು ಚೆಂಡು ಪುಟಿಸಿ ಆಡುವ ಪಿನ್‌ಬಾಲ್ ಯಂತ್ರಗಳ ಮೇಲೆ. ಕಂಪನಿ ಪಿನ್‌ಬಾಲ್ ಯಂತ್ರ ತಯಾರಿಸುತ್ತಿರಲಿಲ್ಲ. ಹಾಗಾಗಿ ಪರದೆಯ ಮೇಲೆಯೇ ಚೆಂಡು ಪುಟಿಯುವ ‘ಜೀ ಬೀ’ ಎಂಬ ಆಟವನ್ನು 1978ರಲ್ಲಿ ಮಾಡಿ ಆಸೆ ತೀರಿಸಿಕೊಂಡರು.

ಅದೇ ವರ್ಷ ಟೈಟೊ ಕಂಪನಿಯ ‘ಸ್ಪೇಸ್ ಇನ್‌ವೇಡರ್ಸ್’ ಬಂದು ಜಪಾನನ್ನು ಹುಚ್ಚು ಹಿಡಿಸಿತು. ಅದರಲ್ಲಿನ ಶತ್ರುಗಳ ಆಕಾರಕ್ಕೆ ಮಾದರಿಯಾದದ್ದು ಆಕ್ಟೋಪಸ್, ಸ್ಕ್ವಿಡ್ ಮತ್ತು ಏಡಿ. ಮೂರೂ ಜಪಾನಿನ ಊಟದ ತಟ್ಟೆಯಲ್ಲಿ ದಿನಾ ಕಾಣುವಂಥವೇ. ಆದರೆ ಆ ಆಟದಲ್ಲಿ ಅವುಗಳನ್ನು ಯಾರೂ ತಿನ್ನುವುದಿಲ್ಲ, ಬರಿದೇ ಗುಂಡು ಹಾರಿಸಿ ಕೊಲ್ಲುತ್ತಾರೆ. ಬೆನ್ನಿಗೇ ಬಂದ ಆಟಗಳೂ ಇದೇ ಜಾಡಿನವು. ಇಂಥ ಆಟದ ಯಂತ್ರಗಳನ್ನು ಸಾಲಾಗಿ ಇಟ್ಟ ಗೇಮ್ ಸೆಂಟರ್ ಎಂದರೆ ಮಬ್ಬುಗತ್ತಲು, ಸಿಗರೇಟಿನ ಹೊಗೆ, ಗುಂಡಿನ ಸದ್ದು, ಗಂಡಸರ ಗುಂಪು. ಹೆಣ್ಣುಮಕ್ಕಳು, ಜೋಡಿಗಳು ಒಳಗೆ ಬರುವಂತೆ ಮಾಡಬೇಕಾದರೆ ಏನು ಮಾಡಬೇಕು ಎಂಬ ಪ್ರಶ್ನೆ ಇವಾತಾನಿಯವರನ್ನು ಹಿಡಿಯಿತು. ಹೆಂಗಸರಿಗೆ ಏನಿಷ್ಟ ಎಂದು ಯೋಚಿಸುತ್ತ ಹೋಗಿ ಅವರು ಬಂದು ನಿಂತದ್ದು ತಿನ್ನುವುದರ ಬಳಿ. ಈ ತರ್ಕ ಇವತ್ತು ನಗು ತರಿಸುತ್ತದೆ. ತಿನ್ನುವುದರಲ್ಲಿ ಗಂಡಸರು ಹಿಂದೆ ಬಿದ್ದ ದಾಖಲೆ ಯಾವ ದೇಶದಲ್ಲೂ ಇದ್ದಂತಿಲ್ಲ. ಆದರೂ ತಪ್ಪು ದಾರಿಯಲ್ಲಿ ನಡೆದು ಸರಿಯಾದ ಮನೆಗೇ ತಲುಪಿದರು ಎನ್ನಬೇಕು. ಹೊಡೆಯುವುದನ್ನು ಬಿಟ್ಟು ತಿನ್ನುವುದನ್ನೇ ಆಟದ ಕ್ರಿಯೆಯನ್ನಾಗಿ ಮಾಡಿದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ತಿನ್ನಲು ಯಾರಿಗೂ ಕಲಿಸಬೇಕಿಲ್ಲವಲ್ಲ.

ಅಂದರೆ ಮೊದಲು ಬಂದದ್ದು ಪಿಜ್ಜಾ ಅಲ್ಲ, ಒಂದು ಕ್ರಿಯಾಪದ. ಜಪಾನಿ ಭಾಷೆಯ ‘ತಬೇರು’, ತಿನ್ನು. ಇವಾತಾನಿ ಆ ಒಂದು ಪದವನ್ನು ಇಟ್ಟುಕೊಂಡೇ ಹೊರಟರು. ಅದರ ಜೊತೆಗೆ ಇನ್ನೊಂದು ಪದ ತಾನಾಗಿ ಬಂತು: ‘ಪಕು ಪಕು’. ಬಾಯಿಯನ್ನು ಮತ್ತೆಮತ್ತೆ ತೆರೆದು ಮುಚ್ಚುವುದಕ್ಕೆ ಜಪಾನಿಯರು ಹೇಳುವ ಮಾತಿದು. ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುವ ಮೀನಿಗೂ ಅನ್ವಯಿಸುತ್ತದೆ, ಗಬಗಬ ತಿನ್ನುವ ಮಗುವಿಗೂ ಅನ್ವಯಿಸುತ್ತದೆ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳುವ ಕಷ್ಟವಿಲ್ಲ. ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಓದಿದ ಗುಂಪಿನಲ್ಲಿ ನಮ್ಮ ಗಬಗಬ, ಕರಕರ, ಗಟಗಟ ಎಲ್ಲವೂ ಇವೆ. ಹೇಗೆ ತಿಂದ, ಹೇಗೆ ಕುಡಿದ ಎಂಬುದನ್ನು ಸದ್ದಿನಲ್ಲೇ ತೋರಿಸುತ್ತವೆ. ಇವಾತಾನಿ ಬೆಂಗಳೂರಿನಲ್ಲಿ ಹುಟ್ಟಿದ್ದರೆ ಈ ಪಾತ್ರದ ಹೆಸರು ‘ಗಬಗಬ’ ಎಂದಾಗುತ್ತಿತ್ತೋ ಏನೋ. ನಮ್ಮಲ್ಲಿ ‘ನುಂಗಣ್ಣ’ ಎಂಬ ಸೊಗಸಾದ ಪದವೂ ಇದೆ, ಆದರೆ ಅದನ್ನು ಈಗಾಗಲೇ ಲಂಚಕೋರರು ಕಾಯ್ದಿರಿಸಿಕೊಂಡಿದ್ದಾರೆ.

ಪಕು ಪಕು ಎಂಬ ಸದ್ದಿನಿಂದ ಆಟಕ್ಕೆ ‘ಪಕ್ ಮ್ಯಾನ್’ ಎಂಬ ಹೆಸರು ಬಂತು. ಕ್ರಿಯೆ ಸಿಕ್ಕಿತು, ಸದ್ದೂ ಸಿಕ್ಕಿತು. ರೂಪ ಇನ್ನೂ ಸಿಕ್ಕಿರಲಿಲ್ಲ.

ಇಲ್ಲಿಯೇ ಪಿಜ್ಜಾದ ಅರ್ಧ ನಿಜವೂ ಅದರ ಮಿಕ್ಕ ಅರ್ಧವೂ ಸೇರುವುದು. ಬಾಯಿ ಎಂಬುದನ್ನು ಜಪಾನಿಯರು ಬರೆಯುವ ಚಿತ್ರಾಕ್ಷರ ‘ಕುಚಿ’, ಒಂದು ಖಾಲಿ ಚೌಕ, ಅಷ್ಟೇ. ನಾಲ್ಕು ಗೋಡೆ, ನಡುವೆ ಬಯಲು. ಜಪಾನಿನ ಮಗು ಶಾಲೆಯ ಮೊದಲ ವರ್ಷದಲ್ಲೇ ಕಲಿಯುವ ಅಕ್ಷರ ಇದು. ಇವಾತಾನಿ ಹೇಳಿದ ಪ್ರಕಾರ ಆ ಚೌಕಾಕಾರದ ಬಾಯಿಯನ್ನು ದುಂಡಗೆ ಮಾಡಿದ್ದೂ ಈ ಪಾತ್ರದ ಹುಟ್ಟಿನಲ್ಲಿ ಪಾಲು ಪಡೆದಿದೆ. ಒಂದು ಕಡೆಯಿಂದ ಅಕ್ಷರ ಬಂತು, ಇನ್ನೊಂದು ಕಡೆಯಿಂದ ಊಟ ಬಂತು. ಬಾಯಿಯನ್ನು ಬರೆಯುವುದು ಹೇಗೆಂದು ಆಗಲೇ ತಲೆಕೆಡಿಸಿಕೊಂಡಿದ್ದವನಿಗೆ ಮಾತ್ರ ಪಿಜ್ಜಾದ ತಟ್ಟೆಯಲ್ಲಿ ಬಾಯಿ ಕಂಡಿತು. ಉಳಿದವರಿಗೆ ಅದರಲ್ಲಿ ಕಾಣುತ್ತಿದ್ದದ್ದು ಇನ್ನೆಷ್ಟು ಹೋಳು ಮಿಕ್ಕಿದೆ ಎಂಬುದಷ್ಟೆ.

ಈಗ ಆ ಹೋಳು ಇಲ್ಲದ ಜಾಗವನ್ನು ಹತ್ತಿರದಿಂದ ನೋಡೋಣ. ಒಂದು ಪೂರ್ಣ ವೃತ್ತವನ್ನು ಕಾಗದದ ಮೇಲೆ ಬರೆಯಿರಿ. ಅದು ಯಾವ ಕಡೆ ನೋಡುತ್ತಿದೆ? ಯಾವ ಕಡೆಯೂ ಇಲ್ಲ. ವೃತ್ತಕ್ಕೆ ಮುಂದು ಹಿಂದು ಎಂಬುದಿಲ್ಲ. ಅದರಿಂದ ಒಂದು ಹೋಳು ಕತ್ತರಿಸಿ ತೆಗೆಯಿರಿ. ತಟ್ಟನೆ ಅದಕ್ಕೊಂದು ಬಾಯಿ ಬಂತು. ಬಾಯಿ ಬಂದ ಮೇಲೆ ಮುಖ ಬಂತು, ಮುಖ ಬಂದ ಮೇಲೆ ದಿಕ್ಕು ಬಂತು. ಹೋಳನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡಿದರೆ ಚಲನೆಯೂ ಬಂತು, ತಿನ್ನುತ್ತಿರುವುದೂ ಗೊತ್ತಾಯಿತು. ಏನನ್ನೂ ಸೇರಿಸದೆ, ಬರೀ ಕಳೆದು ಇಷ್ಟೆಲ್ಲ ಸಂಪಾದಿಸಿದ ಚಿತ್ರ ಇನ್ನೊಂದು ನನಗೆ ತಕ್ಷಣ ನೆನಪಾಗುವುದಿಲ್ಲ.

ಆ ಕಾಲದ ಯಂತ್ರಕ್ಕೆ ಇಂಥ ಮಿತವ್ಯಯ ಬೇಕೂ ಆಗಿತ್ತು. ಪ್ಯಾಕ್‌ಮ್ಯಾನ್ ಯಂತ್ರದ ಮಿದುಳು ಝಡ್80 ಎಂಬ ಚಿಪ್, ವೇಗ ಸುಮಾರು 3 ಮೆಗಾಹರ್ಟ್ಸ್. ಇಡೀ ಪರದೆ 224 ಅಗಲ, 288 ಎತ್ತರದ ಪಿಕ್ಸೆಲ್‌ಗಳದ್ದು. ಚಲಿಸುವ ಪ್ರತಿ ಚಿತ್ರಕ್ಕೆ ಸಿಗುತ್ತಿದ್ದ ಜಾಗ 16 ಅಗಲ, 16 ಎತ್ತರದ ಒಂದು ಚೌಕ. ಪ್ರತಿ ಪಿಕ್ಸೆಲ್‌ಗೆ ಎರಡು ಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್, ಅಂದರೆ ಒಂದು ಚಿತ್ರಕ್ಕೆ 64 ಬೈಟ್. ಇವತ್ತು ಮೊಬೈಲಿನಲ್ಲಿ ಕಳಿಸುವ ‘ಶುಭೋದಯ’ದ ಹೂವಿನ ಚಿತ್ರ ಇದರ ಸಾವಿರಾರು ಪಟ್ಟು ದೊಡ್ಡದು. ಇಂಥ ಇಕ್ಕಟ್ಟಿನಲ್ಲಿ ಕೈಕಾಲು ಬರೆಯಹೊರಟರೆ ಅದು ಕೈಕಾಲಿನಂತೆ ಕಾಣುವುದೇ ಕಷ್ಟ. ಪ್ಯಾಕ್‌ಮ್ಯಾನ್‌ಗೆ ಬೇಕಾದದ್ದು ಬಾಯಿ ಮುಚ್ಚಿದ, ಅರ್ಧ ತೆರೆದ, ಪೂರ್ತಿ ತೆರೆದ ಕೆಲವೇ ಚಿತ್ರಗಳು. ಬಲಕ್ಕೆ ಬರೆದ ಚಿತ್ರವನ್ನು ಎಡಕ್ಕೆ ಮಗುಚುವ ಕೆಲಸವನ್ನು ಯಂತ್ರವೇ ಮಾಡುತ್ತಿತ್ತು.

ಕಣ್ಣಿಡೋಣ ಎಂಬ ಸಲಹೆ ತಂಡದಲ್ಲಿ ಬಂದದ್ದುಂಟು. ಇವಾತಾನಿ ಒಪ್ಪಲಿಲ್ಲ. ಅವರು ಕೊಟ್ಟ ಕಾರಣ ವಿನ್ಯಾಸ ಕಲಿಯುವವರು ಗೋಡೆಗೆ ಅಂಟಿಸಿಕೊಳ್ಳುವಂಥದ್ದು: ಕಣ್ಣಿಟ್ಟರೆ ಆಮೇಲೆ ಕನ್ನಡಕ ಇಡಬೇಕೆನಿಸುತ್ತದೆ, ಕನ್ನಡಕ ಇಟ್ಟರೆ ಮೀಸೆ, ಅದಕ್ಕೆ ಕೊನೆಯೇ ಇರುವುದಿಲ್ಲ. ಆಟದ ಹೊರಗೆ ಈ ಸಂಯಮ ಉಳಿಯಲಿಲ್ಲ. ಅಮೆರಿಕದಲ್ಲಿ ಯಂತ್ರದ ಪಕ್ಕದ ಹಲಗೆಗೆ ಚಿತ್ರ ಬರೆದವರು ಕಣ್ಣನ್ನೂ ಇಟ್ಟರು, ಕಾಲನ್ನೂ ಇಟ್ಟರು. ಆ ಮೊದಲ ಆಟದ ಪರದೆಯ ಒಳಗಿನವನು ಮಾತ್ರ ಬರೀ ಬಾಯಿ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಿದರೆ ಪಿಜ್ಜಾದ ನೆನಪು ಆಟದ ಆದಿಯಲ್ಲೂ ಅಂತ್ಯದಲ್ಲೂ ಇದೆ ಎನಿಸುತ್ತದೆ. ‘ರೆಡಿ’ ಎಂಬ ಅಕ್ಷರ ಪರದೆಯಲ್ಲಿ ಕಾಣುವಾಗ ಪ್ಯಾಕ್‌ಮ್ಯಾನ್ ಪೂರ್ಣ ವೃತ್ತವಾಗಿ ಕುಳಿತಿರುತ್ತಾನೆ; ಪಿಜ್ಜಾಕ್ಕೆ ಇನ್ನೂ ಯಾರೂ ಕೈ ಹಾಕಿಲ್ಲ. ಆಟದಲ್ಲಿ ಅವನನ್ನು ಬೆನ್ನಟ್ಟುವ ನಾಲ್ಕು ಭೂತಗಳಲ್ಲಿ ಒಂದರ ಕೈಗೆ ಸಿಕ್ಕು ಸಾಯುವಾಗ ಅವನ ಬಾಯಿ ಮೇಲ್ಮುಖವಾಗಿ ತೆರೆಯುತ್ತ ಹೋಗುತ್ತದೆ, ಅಗಲವಾಗುತ್ತಲೇ ಹೋಗಿ ಕೊನೆಗೆ ಮೈಯೇ ಉಳಿಯುವುದಿಲ್ಲ. ಒಂದೊಂದೇ ಹೋಳು ಖಾಲಿಯಾದ ತಟ್ಟೆ.

ಪಾತ್ರ ಸಿದ್ಧವಾಯಿತು, ಆದರೆ ಅವನು ಏನು ತಿನ್ನಬೇಕು? ಮೊದಲಿಗೆ ಇವಾತಾನಿ ಪರದೆಯ ತುಂಬ ತಿಂಡಿಯನ್ನು ಹರಡಿ ನಡುವೆ ಅವನನ್ನು ಬಿಟ್ಟರು. ನೋಡಿದರೆ ಆಟಗಾರನಿಗೆ ಎತ್ತ ಹೋಗಬೇಕೆಂದೇ ತಿಳಿಯುವುದಿಲ್ಲ. ಮದುವೆ ಮನೆಯಲ್ಲಿ ಎಲೆಯ ತುಂಬ ಬಡಿಸಿದ ಮೇಲೆ ಯಾವುದಕ್ಕೆ ಮೊದಲು ಕೈ ಹಾಕಬೇಕೆಂದು ತೋಚದ ಹಾಗೆ. ಅದಕ್ಕೆ ಓಣಿಗಳ ಜಾಲವೊಂದನ್ನು ಕಟ್ಟಿ, ಓಣಿಯುದ್ದಕ್ಕೂ ತಿಂಡಿಯ ಚುಕ್ಕೆಗಳನ್ನು ಸಾಲಾಗಿ ಇಟ್ಟರು. ರಂಗೋಲಿಗೆ ಚುಕ್ಕೆ ಇಟ್ಟ ಹಾಗೆ 240 ಸಣ್ಣ ಚುಕ್ಕೆ, ನಾಲ್ಕು ಮೂಲೆಗಳ ಹತ್ತಿರ ನಾಲ್ಕು ದಪ್ಪ ಚುಕ್ಕೆ. ಎಲ್ಲ 244 ತಿಂದು ಮುಗಿಸಿದರೆ ಒಂದು ಹಂತ ಮುಗಿಯಿತು.

ಇಲ್ಲಿ ತಿನ್ನುವುದು ಬಿಟ್ಟಿಯಲ್ಲ. ಪ್ರತಿ ಸಣ್ಣ ಚುಕ್ಕೆ ತಿಂದಾಗ ಪ್ಯಾಕ್‌ಮ್ಯಾನ್ ಸೆಕೆಂಡಿನ 60ನೇ ಒಂದು ಭಾಗ ನಿಂತುಬಿಡುತ್ತಾನೆ. ಕಣ್ಣಿಗೆ ಕಾಣದಷ್ಟು ಸಣ್ಣ ತಡೆ, ಆದರೆ ಸಾಲು ಸಾಲು ಚುಕ್ಕೆ ತಿನ್ನುವಾಗ ಅದು ಕೂಡುತ್ತ ಹೋಗುತ್ತದೆ. ಮೊದಲ ಹಂತದ ಲೆಕ್ಕ ನೋಡಿ: ಖಾಲಿ ಓಣಿಯಲ್ಲಿ ಅವನ ವೇಗ ಗರಿಷ್ಠದ ಶೇ. 80, ಚುಕ್ಕೆ ತಿನ್ನುತ್ತ ಹೋಗುವಾಗ ಸುಮಾರು ಶೇ. 71. ಭೂತಗಳ ವೇಗ ಶೇ. 75. ಈ ಮೂರು ಅಂಕಿಗಳ ನಡುವೆ ಇಡೀ ಆಟ ನಿಂತಿದೆ. ತಿನ್ನುತ್ತ ಓಡಿದರೆ ಭೂತ ಹಿಡಿಯುತ್ತದೆ, ತಿಂದು ಖಾಲಿ ಮಾಡಿದ ಓಣಿಗೆ ನುಗ್ಗಿದರೆ ತಪ್ಪಿಸಿಕೊಳ್ಳಬಹುದು. ಹಾಗಾಗಿ ಚತುರ ಆಟಗಾರ ಕೆಲವು ಓಣಿಗಳನ್ನು ಮೊದಲೇ ತಿಂದು, ಓಡಿಹೋಗುವ ದಾರಿಯನ್ನಾಗಿ ಇಟ್ಟುಕೊಳ್ಳುತ್ತಾನೆ. ಬಾಯಲ್ಲಿ ತುತ್ತಿಟ್ಟುಕೊಂಡು ಓಡಬೇಡ ಎಂದು ಅಜ್ಜಿಯಂದಿರು ಹೇಳುತ್ತಿದ್ದ ಬುದ್ಧಿಮಾತನ್ನು ಯಂತ್ರದೊಳಗೆ ಗಣಿತವಾಗಿ ಬರೆದಿಟ್ಟ ಹಾಗಿದೆ.

ದಪ್ಪ ಚುಕ್ಕೆಯ ಮೂಲವೂ ಅಡುಗೆಮನೆಯೇ. ಪಾಲಕ್ ಸೊಪ್ಪು ನುಂಗಿದ ಕೂಡಲೇ ತೋಳು ಉಬ್ಬಿಸಿ ಎದುರಾಳಿಯನ್ನು ಬಡಿಯುವ ಕಾರ್ಟೂನಿನ ನಾವಿಕ ಪಪಾಯ್ ಇವಾತಾನಿಯವರ ತಲೆಯಲ್ಲಿದ್ದ. ದಪ್ಪ ಚುಕ್ಕೆ ತಿಂದೊಡನೆ ಅಟ್ಟಿಸಿಕೊಂಡು ಬರುತ್ತಿದ್ದ ಭೂತಗಳು ನೀಲಿಯಾಗಿ, ಬೆದರಿ, ದಿಕ್ಕು ತಿರುಗಿಸಿ ಓಡುತ್ತವೆ. ಈಗ ಅವೂ ಊಟವೇ: ಮೊದಲನೆಯದಕ್ಕೆ 200 ಅಂಕ, ಆಮೇಲೆ 400, 800, 1600. ಆದರೆ ಈ ಟಾನಿಕ್ಕಿನ ಗುಣ ದಿನೇದಿನೇ ಇಳಿಯುತ್ತದೆ. ಮೊದಲ ಹಂತದಲ್ಲಿ ಆರು ಸೆಕೆಂಡು, ಐದನೆಯ ಹಂತದಲ್ಲಿ ಎರಡೇ ಸೆಕೆಂಡು. 19ನೇ ಹಂತದಿಂದಾಚೆ ಭೂತಗಳು ನೀಲಿಯಾಗುವುದೇ ಇಲ್ಲ.

ತಿನ್ನುವವನು ಇಷ್ಟು ಸರಳವಾಗಿರುವುದರಿಂದ ಆಟದ ಜಾಣ್ಮೆಯೆಲ್ಲ ಭೂತಗಳ ಪಾಲಿಗೆ ಬಂದಿದೆ. ನಾಲ್ಕೂ ಒಂದೇ ಸಮನೆ ಬೆನ್ನಟ್ಟಿದರೆ ಅವು ಸಾಲಾಗಿ ಹಿಂದೆ ಬೀಳುತ್ತವೆ, ಆಟ ಬೇಸರ ಹುಟ್ಟಿಸುತ್ತದೆ. ಇವಾತಾನಿ ಒಂದೊಂದಕ್ಕೆ ಒಂದೊಂದು ಸ್ವಭಾವ ಕೊಟ್ಟರು; ಜಪಾನಿ ಹೆಸರುಗಳೇ ಸ್ವಭಾವವನ್ನು ಹೇಳುತ್ತವೆ. ಕೆಂಪು ಭೂತ ‘ಓಯಿಕಾಕೆ’, ಬೆನ್ನಟ್ಟುವವನು. ಅವನ ಗುರಿ ಪ್ಯಾಕ್‌ಮ್ಯಾನ್ ನಿಂತ ಮನೆಯೇ, ಅಂದರೆ ಓಣಿಯ ಆ ಚೌಕವೇ. ಗುಲಾಬಿ ಭೂತ ‘ಮಾಚಿಬುಸೆ’, ಹೊಂಚು ಹಾಕುವವನು. ಪ್ಯಾಕ್‌ಮ್ಯಾನ್ ಮುಖ ಮಾಡಿದ ಕಡೆ ನಾಲ್ಕು ಮನೆ ಮುಂದಕ್ಕೆ ಗುರಿಯಿಡುತ್ತಾನೆ. ತಿಳಿನೀಲಿಯವನು ‘ಕಿಮಾಗುರೆ’, ಚಂಚಲ. ಅವನ ಲೆಕ್ಕ ಎಲ್ಲಕ್ಕಿಂತ ತೊಡಕಿನದು: ಪ್ಯಾಕ್‌ಮ್ಯಾನ್‌ನ ಎರಡು ಮನೆ ಮುಂದಿನ ಜಾಗಕ್ಕೆ ಕೆಂಪು ಭೂತದಿಂದ ಒಂದು ಗೆರೆ ಎಳೆದು, ಆ ಗೆರೆಯನ್ನು ಮತ್ತೆ ಅಷ್ಟೇ ದೂರ ಮುಂದುವರಿಸಿದರೆ ಸಿಗುವ ಜಾಗ ಅವನ ಗುರಿ. ಅಂದರೆ ಕೆಂಪು ಭೂತ ಹತ್ತಿರ ಬಂದಷ್ಟೂ ಇವನೂ ಹತ್ತಿರ ಬರುತ್ತಾನೆ, ದೂರವಿದ್ದರೆ ಇವನು ಎಲ್ಲೆಲ್ಲೋ ಅಲೆಯುತ್ತಾನೆ. ನಾಲ್ಕನೆಯ ಕಿತ್ತಳೆ ಬಣ್ಣದವನು ‘ಒತೊಬೊಕೆ’, ಏನೂ ತಿಳಿಯದವನಂತೆ ನಟಿಸುವವನು. ದೂರವಿದ್ದಾಗ ಅಟ್ಟಿಸಿಕೊಂಡು ಬಂದು, ಎಂಟು ಮನೆಗಳೊಳಗೆ ಬಂದ ಕೂಡಲೇ ತನ್ನ ಮೂಲೆಯ ಕಡೆ ತಿರುಗಿಬಿಡುತ್ತಾನೆ. ಪ್ರತಿ ಆಫೀಸಿನಲ್ಲೂ ಇಂಥವನೊಬ್ಬನಿರುತ್ತಾನೆ. ಇದರ ಮೇಲೆ ಇನ್ನೊಂದು ಉಪಾಯ: ಮೊದಲ ಹಂತದಲ್ಲಿ ಏಳು ಸೆಕೆಂಡು ಭೂತಗಳು ತಮ್ಮ ತಮ್ಮ ಮೂಲೆಗೆ ಚದುರುತ್ತವೆ, ಆಮೇಲೆ ಇಪ್ಪತ್ತು ಸೆಕೆಂಡು ಬೆನ್ನಟ್ಟುತ್ತವೆ, ಮತ್ತೆ ಚದುರುತ್ತವೆ. ಊಟದ ನಡುವೆ ಉಸಿರು ಬಿಡಲು ಸಿಗುವ ಬಿಡುವು ಅದು. ಮಾಲೀಕರಾದ ನಕಾಮುರಾ ಭೂತಗಳೆಲ್ಲ ಕೆಂಪಗೇ ಇರಲಿ ಎಂದಿದ್ದರು. ಇವಾತಾನಿ ಸಹೋದ್ಯೋಗಿಗಳನ್ನೆಲ್ಲ ಕೇಳಿ, ಅವರ ಅಭಿಪ್ರಾಯವನ್ನು ಮುಂದಿಟ್ಟು ನಾಲ್ಕು ಬಣ್ಣ ಉಳಿಸಿಕೊಂಡರು.

ಪ್ರೋಗ್ರಾಂ ಬರೆದವರು ಶಿಗೆಯೊ ಫುನಾಕಿ, ಸದ್ದು ಕೊಟ್ಟವರು ತೊಶಿಯೊ ಕಾಯಿ. ಕಲ್ಪನೆಯಿಂದ ಮಾರಾಟದವರೆಗೆ ಸುಮಾರು ಒಂದು ವರ್ಷ ಐದು ತಿಂಗಳು ಹಿಡಿಯಿತು. 1980ರ ಮೇ 22ರಂದು ಟೋಕಿಯೊದ ಶಿಬುಯಾದಲ್ಲಿ ಮೊದಲ ಪರೀಕ್ಷೆ ನಡೆಯಿತು. ಅದೇ ವರ್ಷ ಅಮೆರಿಕಕ್ಕೆ ಹೋಗುವಾಗ ಹೆಸರಿನ ಸಮಸ್ಯೆ ಬಂತು. ‘ಪಕ್’ ಎಂಬುದರ ಮೊದಲ ಇಂಗ್ಲಿಷ್ ಅಕ್ಷರದ ದುಂಡನ್ನು ಯಾವನಾದರೂ ಪೋಕರಿ ಹುಡುಗ ಸ್ವಲ್ಪ ಕೆರೆದರೆ ಸಾಕು, ಅದು ಬೈಗುಳವಾಗುತ್ತದೆ. ಹಾಗಾಗಿ ವಿತರಕರಾದ ಮಿಡ್‌ವೇ ಕಂಪನಿಯವರು ಅದನ್ನು ‘ಪ್ಯಾಕ್‌ಮ್ಯಾನ್’ ಎಂದು ಮಾಡಿದರು. ಒಂದು ಅಕ್ಷರವನ್ನು ಮುಕ್ಕು ಮಾಡಬಹುದೆಂಬ ಭಯಕ್ಕೆ ಹೆಸರೇ ಬದಲಾಯಿತು. ಜಪಾನಿಯರಿಗೆ ‘ಪಕು ಪಕು’ ಎಂದು ಕೇಳಿಸಿದ ಸದ್ದು ಅಮೆರಿಕದ ಮಕ್ಕಳಿಗೆ ‘ವಾಕಾ ವಾಕಾ’ ಎಂದು ಕೇಳಿಸಿತು. ಆಮೇಲಿನ ಯಶಸ್ಸು ಎಲ್ಲರಿಗೂ ಗೊತ್ತಿರುವುದೇ. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ವಿಡಿಯೊ ಗೇಮ್‌ಗಳನ್ನು ಸಂಗ್ರಹಿಸತೊಡಗಿದಾಗ ಮೊದಲ ಕಂತಿನಲ್ಲೇ ಇದಕ್ಕೂ ಜಾಗ ಸಿಕ್ಕಿತು.

ನನಗೆ ಅದಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ಆಟದೊಳಗಿನ ಹಣ್ಣುಗಳ ವಿಷಯ. ಪ್ರತಿ ಹಂತದಲ್ಲಿ 70 ಚುಕ್ಕೆ ತಿಂದಾಗ ಒಮ್ಮೆ, 170 ತಿಂದಾಗ ಇನ್ನೊಮ್ಮೆ, ಓಣಿಗಳ ನಡುವೆ ಭೂತಗಳು ಹೊರಡುವ ಗೂಡಿನ ಕೆಳಗೆ ಒಂದು ಹಣ್ಣು ಬಂದು ಒಂಬತ್ತು ಹತ್ತು ಸೆಕೆಂಡು ಕಾಯುತ್ತದೆ. ಮೊದಲ ಹಂತದಲ್ಲಿ ಚೆರ್ರಿ, ಆಮೇಲೆ ಸ್ಟ್ರಾಬೆರಿ, ಕಿತ್ತಳೆ, ಸೇಬು, ಕರಬೂಜ. ಅಲ್ಲಿಗೆ ಹಣ್ಣು ಮುಗಿದು, ನಾಮ್ಕೊದ ಇನ್ನೊಂದು ಆಟದ ವಿಮಾನ, ಗಂಟೆ, 13ನೇ ಹಂತದಿಂದ ಬೀಗದ ಕೈ. ಅದನ್ನೂ ಅವನು ತಿನ್ನುತ್ತಾನೆ. ಇತ್ತೀಚಿನ ಏಳು ಹಂತಗಳ ಹಣ್ಣುಗಳನ್ನು ಪರದೆಯ ಕೆಳಗೆ ಬಲಮೂಲೆಯಲ್ಲಿ ಸಾಲಾಗಿ ತೋರಿಸುವ ಒಂದು ಸಣ್ಣ ವ್ಯವಸ್ಥೆ ಇದೆ. ಆಟದ ಕೊನೆ ಬಚ್ಚಿಟ್ಟುಕೊಂಡಿರುವುದು ಅದರಲ್ಲೇ.

ಹಂತದ ಸಂಖ್ಯೆಯನ್ನು ಯಂತ್ರ ಒಂದು ಬೈಟ್‌ನಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಬೈಟ್ ಹಿಡಿಯುವುದು 0ಯಿಂದ 255ರವರೆಗೆ ಮಾತ್ರ. ಮೊದಲ ಹಂತ 0, ಹಾಗಾಗಿ 256ನೇ ಹಂತ 255. ಎಷ್ಟು ಹಣ್ಣು ಬರೆಯಬೇಕೆಂದು ತಿಳಿಯಲು ಯಂತ್ರ ಅದಕ್ಕೆ ಒಂದು ಕೂಡಿಸುತ್ತದೆ. 256 ಆಗಬೇಕಾದದ್ದು ಪಾತ್ರೆಯಲ್ಲಿ ಹಿಡಿಸದೆ ಚೆಲ್ಲಿಹೋಗಿ 0 ಉಳಿಯುತ್ತದೆ. ಎಂಟಕ್ಕಿಂತ ಕಡಿಮೆ ಇದೆಯಲ್ಲ, ಇದ್ದಷ್ಟನ್ನೂ ಬರೆದುಬಿಡೋಣ ಎಂದು ಯಂತ್ರ ಹೊರಡುತ್ತದೆ. ಒಂದು ಹಣ್ಣು ಬರೆದು ಒಂದು ಕಳೆಯುತ್ತದೆ. 0ಯಿಂದ ಒಂದು ಕಳೆದರೆ ಮತ್ತೆ 255. ಇನ್ನೂ ಮುಗಿದಿಲ್ಲ ಎಂದುಕೊಂಡು ಬರೆಯುತ್ತಲೇ ಹೋಗುತ್ತದೆ, 256 ಸಲ. ಹಣ್ಣಿನ ಪಟ್ಟಿ ಮುಗಿದ ಮೇಲೂ ನಿಲ್ಲದೆ, ಸ್ಮೃತಿಯಲ್ಲಿ ಮುಂದೆ ಸಿಕ್ಕಿದ್ದನ್ನೆಲ್ಲ ಹಣ್ಣೆಂದು ಭಾವಿಸಿ ಪರದೆಯ ಬಲ ಅರ್ಧದ ಮೇಲೆ ಸುರಿಯುತ್ತದೆ. ಎಡಭಾಗದಲ್ಲಿ ಎಂದಿನ ಓಣಿಗಳು, ಬಲಭಾಗದಲ್ಲಿ ಅಕ್ಷರ, ಅಂಕಿ, ಬಣ್ಣದ ಚೂರುಗಳ ಕಸದ ರಾಶಿ.

ಹಂತ ಮುಗಿಯಲು 244 ಚುಕ್ಕೆ ತಿನ್ನಬೇಕೆಂಬ ನಿಯಮ ಮಾತ್ರ ಹಾಗೆಯೇ ಇದೆ. ಬಲಭಾಗದ ರಾಶಿಯಲ್ಲಿ ಉಳಿದಿರುವುದು ಒಂಬತ್ತೇ ಚುಕ್ಕೆ, ಅವುಗಳಲ್ಲಿ ಕೆಲವು ಕಣ್ಣಿಗೂ ಕಾಣುವುದಿಲ್ಲ. ಆಟ ಅಲ್ಲಿಂದ ಮುಂದೆ ಹೋಗಲಾರದು. ಆದರೆ ಒಂದು ಜೀವ ಹೋದಾಗ ಆ ಒಂಬತ್ತು ಚುಕ್ಕೆಗಳು ಮತ್ತೆ ಹುಟ್ಟುತ್ತವೆ. ಒಂದು ತಪ್ಪೂ ಮಾಡದೆ, ಒಂದು ಭೂತವನ್ನೂ ಒಂದು ಹಣ್ಣನ್ನೂ ಬಿಡದೆ ಅಲ್ಲಿಯವರೆಗೆ ಬಂದ ಆಟಗಾರರು ಅವುಗಳ ಜಾಗವನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಕಸದ ರಾಶಿಯೊಳಗೆ ತಡಕಾಡಿ ಒಂಬತ್ತನ್ನೂ ತಿಂದು, ಬೇಕೆಂದೇ ಭೂತದ ಕೈಗೆ ಸಿಕ್ಕು, ಮತ್ತೆ ಬಂದು ಅದೇ ಒಂಬತ್ತನ್ನು ತಿನ್ನುತ್ತಾರೆ. ಕೊನೆಯ ಜೀವದ ಕೊನೆಯ ಚುಕ್ಕೆ ಬಾಯಿಗೆ ಹೋದಾಗ ಅಂಕ 33,33,360 ಆಗಿರುತ್ತದೆ. ಅದರ ಮೇಲೆ ಇನ್ನು ಹತ್ತು ಅಂಕ ತಿನ್ನಲು ಆ ಪರದೆಯಲ್ಲಿ ಏನೂ ಮಿಕ್ಕಿರುವುದಿಲ್ಲ.